ಬೆಣ್ಣಿಹಳ್ಳದ ಲೆಕ್ಕ ಬೇರೆ, ಮಲಪ್ರಭೆಯ ಲೆಕ್ಕ ಬೇರೆ: ಹರಿವಿನ ಅಂದಾಜಿಗೆ ಯಾವ ಮಾದರಿ ಹಿಡಿಯಬೇಕು?

ಧಾರವಾಡದಲ್ಲಿ ಬಿದ್ದ ಮಳೆ ಎರಡು ಸಮುದ್ರಕ್ಕೆ ಹಂಚಿಹೋಗುತ್ತದೆ. ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಪಶ್ಚಿಮಕ್ಕೆ ತಿರುಗಿ, ಬೇಡ್ತಿ ಸೇರಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರಕ್ಕೆ ಇಳಿಯುತ್ತಾಳೆ. ಊರಿನ ಇನ್ನೊಂದು ಮಗ್ಗುಲಿನ ನೀರು ತುಪ್ಪರಿಹಳ್ಳ, ಬೆಣ್ಣಿಹಳ್ಳ ಹಿಡಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಮಲಪ್ರಭೆ ಹುಟ್ಟುವ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ವರ್ಷದ ಮಳೆ 300 ಸೆಂ.ಮೀ. ದಾಟುತ್ತದೆ. ಅಲ್ಲಿಂದ ಪೂರ್ವಕ್ಕೆ ಸುಮಾರು 150 ಕಿ.ಮೀ. ಬಂದರೆ ಗದಗ. ಅಲ್ಲಿ 60 ಸೆಂ.ಮೀ. ಆಸುಪಾಸು.

ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಇರುವ ಕಡೆ, ಒಂದೇ ಸೂತ್ರ ಹಿಡಿದು ಎಲ್ಲ ಹಳ್ಳದ ನೀರು ಅಳೆಯೋಕೆ ಹೋದರೆ ಲೆಕ್ಕ ತಪ್ಪೇ ತಪ್ಪುತ್ತದೆ. ಆದರೂ ಎಂ.ಟೆಕ್. ಓದುವ ಹುಡುಗರು, ಕೆರೆ ಕೆಲಸಕ್ಕೆ ಅಂದಾಜುಪಟ್ಟಿ ಬರೆಯುವ ಎಂಜಿನಿಯರ್‌ಗಳು, ರೈತ ಉತ್ಪಾದಕರ ಕಂಪನಿಯವರು, ಎಲ್ಲರೂ ಕೇಳೋದು ಒಂದೇ ಮಾತು: ‘ಯಾವ ಮಾಡೆಲ್ ಬೆಸ್ಟ್?’ ಮಾಡೆಲ್ ಅಥವಾ ಮಾದರಿ ಅಂದರೆ ಹರಿವನ್ನು ಅಂದಾಜು ಮಾಡುವ ಲೆಕ್ಕದ ವಿಧಾನ. ನಾನು ತಿರುಗಿ ಕೇಳೋದು ಎರಡು. ಯಾವ ಹಳ್ಳ? ಲೆಕ್ಕ ಬಂದ ಮೇಲೆ ಏನು ತೀರ್ಮಾನ ಮಾಡ್ತೀರಿ? ಈ ಎರಡಕ್ಕೂ ಉತ್ತರ ಇದ್ದರೆ ಮಾದರಿ ಆರಿಸೋದು ಅರ್ಧ ಮುಗಿದ ಹಾಗೆ.

ಮೊದಲು ಅಳತೆಗಂಬ ಎಲ್ಲಿದೆ ನೋಡಿ

ಮಾದರಿಗೆ ಕೈ ಹಾಕುವ ಮುಂಚೆ ಹರಿವಿನ ದಾಖಲೆ ಎಲ್ಲಿಂದ ಬಂದಿದೆ ಅಂತ ತಿಳಿಯಬೇಕು. ಕೇಂದ್ರ ಜಲ ಆಯೋಗದ ಅಳತೆ ಕೇಂದ್ರಗಳು ನಮ್ಮ ಸುತ್ತ ಕೆಲವಿವೆ. ವರದಾ ನದಿಗೆ ಮರೋಳ, ತುಂಗಭದ್ರೆಗೆ ಹರಳಹಳ್ಳಿ, ಮಲಪ್ರಭೆಗೆ ಬಾದಾಮಿ ಕಡೆಯ ಚೊಳಚಗುಡ್ಡ. ಮೂರೂ ಒಂದೇ ಇಲಾಖೆಯ ಅಂಕಿಗಳು, ನೋಡೋಕೆ ಒಂದೇ ಥರ. ಆದರೆ ಮೂರೂ ಹೇಳುವ ಕತೆ ಬೇರೆ.

ಚೊಳಚಗುಡ್ಡ ಇರೋದು ನವಿಲುತೀರ್ಥ ಅಣೆಕಟ್ಟಿನ ಕೆಳಗೆ. ಅಲ್ಲಿ ನೀರು ಏರಿದರೆ ಮಳೆ ಬಂತು ಅಂತಲೇ ಅಲ್ಲ, ಗೇಟು ತೆಗೆದರು ಅಂತಲೂ ಆಗಬಹುದು. ಆ ಅಂಕಿಗೂ ಕಣಕುಂಬಿಯ ಮಳೆಗೂ ನೇರ ಗಂಟು ಹಾಕಿದರೆ, ಮಾದರಿ ಕಲಿಯೋದು ಮಳೆಯ ಸ್ವಭಾವ ಅಲ್ಲ, ಗೇಟು ತೆಗೆಯುವವರ ಸ್ವಭಾವ. ಹರಳಹಳ್ಳಿಗೂ ಇದೇ ತೊಂದರೆ, ಮೇಲೆ ಭದ್ರಾ ಅಣೆಕಟ್ಟು ಕೂತಿದೆ. ವರದೆಯ ಮೇಲೆ ಅಂಥ ದೊಡ್ಡ ಅಣೆಕಟ್ಟು ಇಲ್ಲ. ಹಾಗಾಗಿ ಮಳೆ ಮತ್ತು ಹರಿವಿನ ಸಂಬಂಧ ಕಲಿಯಬೇಕು ಅನ್ನುವವರಿಗೆ ನಾನು ಮೊದಲು ಹೇಳೋದು ಮರೋಳದ ದಾಖಲೆ. ಮಲಪ್ರಭೆಯೇ ಬೇಕು ಅಂದರೆ ಜಲಾಶಯದ ಒಳಹರಿವಿನ ಅಂಕಿ ತೆಗೆದುಕೊಳ್ಳಿ, ಕೆಳಗಿನದು ಬೇಡ.

ಬೆಣ್ಣಿಹಳ್ಳದಂಥ ಹಳ್ಳಗಳಲ್ಲಿ ಇನ್ನೊಂದು ತೊಡಕಿದೆ. ನೀರಿನ ಎತ್ತರ ಓದಿ, ಅದನ್ನು ಒಂದು ರೇಖೆಯ ಮೂಲಕ ಹರಿವಿಗೆ ಪರಿವರ್ತಿಸುತ್ತಾರೆ. ಹಳ್ಳದ ತಳದಲ್ಲಿ ಹೂಳು ತುಂಬಿ, ದಂಡೆಯಲ್ಲಿ ಜಾಲಿ ಬೆಳೆದರೆ ಅದೇ ಎತ್ತರಕ್ಕೆ ಹರಿಯುವ ನೀರು ಕಡಿಮೆ ಆಗುತ್ತದೆ. ರೇಖೆ ಹಳೆಯದೇ ಇದ್ದರೆ ಪುಸ್ತಕದಲ್ಲಿ ಪ್ರವಾಹ ಜಾಸ್ತಿ ಕಾಣುತ್ತದೆ. ಯಾವ ಮಾದರಿಯೂ ಇದನ್ನು ತಾನಾಗಿ ಸರಿಮಾಡೋದಿಲ್ಲ.

ಹಳೆಯ ಸೂತ್ರ: ಮುಂಬೈ ಪ್ರಾಂತ್ಯದ ಕಾಲದ್ದು, ಇನ್ನೂ ಉಪಯೋಗಕ್ಕಿದೆ

ಧಾರವಾಡ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, 1929ರಲ್ಲಿ, ಇಂಗ್ಲಿಸ್ ಮತ್ತು ಡಿಸೋಜಾ ಪಶ್ಚಿಮ ಭಾರತದ ಹಳ್ಳ ನದಿಗಳ ಅಳತೆ ನೋಡಿ ಎರಡು ಸೂತ್ರ ಕೊಟ್ಟರು. ಘಟ್ಟಕ್ಕೊಂದು, ಬಯಲಿಗೊಂದು. ಘಟ್ಟದಲ್ಲಿ ವರ್ಷದ ಮಳೆಯನ್ನು 0.85ರಿಂದ ಗುಣಿಸಿ 30.5 ಕಳೆಯಿರಿ. ಬಯಲಲ್ಲಿ ಮಳೆಯಿಂದ 17.8 ಕಳೆದು, ಬಂದದ್ದನ್ನು ಮತ್ತೆ ಮಳೆಯಿಂದ ಗುಣಿಸಿ, 254ರಿಂದ ಭಾಗಿಸಿ. ಬರುವ ಉತ್ತರವೇ ವರ್ಷದ ಹರಿವು. ಎಲ್ಲವೂ ಸೆಂ.ಮೀ. ಲೆಕ್ಕ, ಅಂದರೆ ಆ ನೀರನ್ನು ಜಲಾನಯನದ ಮೇಲೆಲ್ಲ ಹರಡಿದರೆ ನಿಲ್ಲುವ ಎತ್ತರ.

ಗದಗಿನ ಕಡೆ 60 ಸೆಂ.ಮೀ. ಮಳೆ ಹಾಕಿ ನೋಡಿ. ಹರಿವು ಸುಮಾರು 10 ಸೆಂ.ಮೀ. ಬರುತ್ತದೆ. ಈಗ ಮಳೆ ಶೇ. 10 ಕಡಿಮೆ ಆಯಿತು ಅನ್ನಿ, 54 ಸೆಂ.ಮೀ. ಹರಿವು 7.7ಕ್ಕೆ ಇಳಿಯುತ್ತದೆ. ಅಂದರೆ ಮಳೆ ಹತ್ತು ಪಾಲು ಹೋದರೆ ಹಳ್ಳದ ನೀರು 23 ಪಾಲು ಹೋಯಿತು. ಘಟ್ಟದಲ್ಲಿ 300 ಸೆಂ.ಮೀ. ಇದ್ದದ್ದು 270 ಆದರೆ? ಹರಿವು 224.5ರಿಂದ 199ಕ್ಕೆ, ಅಂದರೆ ಶೇ. 11ರಷ್ಟು ಮಾತ್ರ ಇಳಿಕೆ.

ಹವಾಮಾನ ಯೋಜನೆ ಮಾಡುವವರು ಈ ಎರಡು ಸಾಲಿನ ಲೆಕ್ಕವನ್ನು ಮೊದಲು ಮಾಡಬೇಕು ಅಂತ ನನ್ನ ಆಸೆ. ‘ಮಳೆ ಹತ್ತು ಪರ್ಸೆಂಟ್ ಕಮ್ಮಿ ಆದ್ರೆ ನೀರೂ ಹತ್ತು ಪರ್ಸೆಂಟ್ ಕಮ್ಮಿ’ ಅಂತ ಎಷ್ಟೋ ವರದಿಗಳು ಸುಮ್ನೆ ಬರೆದುಬಿಡುತ್ತವೆ. ರೋಣ, ನವಲಗುಂದ, ನರಗುಂದದ ಹಳ್ಳಗಳಿಗೆ ಆ ಮಾತು ಸಲ್ಲೋದಿಲ್ಲ. ಒಣ ನಾಡಿನಲ್ಲಿ ನೆಲ ಮತ್ತು ಬಿಸಿಲು ತಮ್ಮ ಪಾಲನ್ನು ಮೊದಲು ತೆಗೆದುಕೊಳ್ಳುತ್ತವೆ. ಹಳ್ಳಕ್ಕೆ ಸಿಗೋದು ಉಳಿದದ್ದು.

ಈ ಸೂತ್ರ ಎಲ್ಲಿಗೆ ಸಾಕು? ಹೊಸ ಕೆರೆಯೋ ಬಾಂದಾರವೋ ಯೋಚಿಸುವಾಗ ವರ್ಷಕ್ಕೆ ಎಷ್ಟು ನೀರು ಬಂದೀತು ಅಂತ ಮೊದಲ ಅಂದಾಜಿಗೆ. ತಿಂಗಳ ಲೆಕ್ಕ ಇದರಿಂದ ಸಿಗೋದಿಲ್ಲ. ಒಂದು ರಾತ್ರಿಯ ಮಳೆಗೆ ಹಳ್ಳ ಎಷ್ಟು ಏರುತ್ತದೆ ಅಂತಲೂ ಇದು ಹೇಳೋದಿಲ್ಲ.

ಎರೆ ಹೊಲ ಇದ್ದರೆ ಕರ್ವ್ ನಂಬರ್ ವಿಧಾನ, ಆದರೆ ನಮ್ಮ ತಿದ್ದುಪಡಿಯ ಜೊತೆಗೆ

ಕೃಷಿ ಹೊಂಡ, ಬದು, ಸಣ್ಣ ಜಲಾನಯನ ಕೆಲಸಕ್ಕೆ ಜಾಸ್ತಿ ಬಳಕೆಯಲ್ಲಿರೋದು ಕರ್ವ್ ನಂಬರ್ ವಿಧಾನ. ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆಯವರು ಮಾಡಿದ್ದು. ಮಣ್ಣು, ಬೆಳೆ, ಬೇಸಾಯದ ರೀತಿ ನೋಡಿ ನೆಲಕ್ಕೆ 100ರೊಳಗೆ ಒಂದು ಸಂಖ್ಯೆ ಕೊಡುತ್ತಾರೆ. ಸಂಖ್ಯೆ ದೊಡ್ಡದಾದಷ್ಟೂ ನೀರು ಹರಿದುಹೋಗೋದು ಜಾಸ್ತಿ. ಭಾರತದ ಎರೆ ಮಣ್ಣಿಗೆ ಇದರಲ್ಲಿ ಪ್ರತ್ಯೇಕ ತಿದ್ದುಪಡಿ ಇದೆ, ಅದನ್ನು ಬಿಟ್ಟು ಲೆಕ್ಕ ಮಾಡಿದರೆ ನಮ್ಮ ಕಡೆ ಉತ್ತರ ಕೆಟ್ಟುಹೋಗುತ್ತದೆ.

ಎರೆ ಹೊಲದ ಗುಣ ನಮಗೆ ಗೊತ್ತೇ ಇದೆಯಲ್ಲ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು. ರೋಹಿಣಿ ಮಳೆ, ಮಿರಗದ ಮಳೆ ಎಷ್ಟೇ ಜೋರಾಗಿ ಬಂದರೂ ಆ ಬಿರುಕು ಕುಡಿದುಬಿಡುತ್ತವೆ. ಒಮ್ಮೆ ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ, ಅದೇ ಹೊಲದಿಂದ ನೀರು ಒಳಗೆ ಇಳಿಯದೆ ಹರಿದು ಹೋಗುತ್ತದೆ.

ಲೆಕ್ಕದಲ್ಲಿ ಇದು ಹೇಗೆ ಕಾಣುತ್ತದೆ ನೋಡಿ. ಹೊಲದ ಸಂಖ್ಯೆ 80, ದಿನದ ಮಳೆ 50 ಮಿ.ಮೀ. ಹಿಂದಿನ ಐದು ದಿನ ಸಾಕಷ್ಟು ಮಳೆಯಾಗಿ ನೆಲ ಸಾಧಾರಣ ಹದದಲ್ಲಿದ್ದರೆ, ಎರೆ ಮಣ್ಣಿನ ಸೂತ್ರದಲ್ಲಿ ಹರಿವು ಸುಮಾರು 17.8 ಮಿ.ಮೀ. ಅಂದರೆ ಎಕರೆಗೆ 72 ಸಾವಿರ ಲೀಟರ್. ಅದೇ ಹೊಲ, ಅದೇ 50 ಮಿ.ಮೀ., ಆದರೆ ಹಿಂದಿನ ಐದು ದಿನ ಒಣಗಿತ್ತು ಅನ್ನಿ. ಆಗ ಸಂಖ್ಯೆ 80ರಿಂದ ಸುಮಾರು 64ಕ್ಕೆ ಇಳಿಯುತ್ತದೆ, ಸೂತ್ರವೂ ಬದಲಾಗುತ್ತದೆ. ಉತ್ತರ ಅರ್ಧ ಮಿ.ಮೀ. ಸಹ ಬರೋದಿಲ್ಲ. ಎಕರೆಗೆ ಒಂದೂವರೆ ಸಾವಿರ ಲೀಟರ್ ಆಸುಪಾಸು.

ಒಂದೇ ಮಳೆ, ಒಂದೇ ಹೊಲ, ಐವತ್ತು ಪಟ್ಟು ವ್ಯತ್ಯಾಸ. ತಿಂಗಳ ಮಳೆ ಎಷ್ಟು ಅಂತ ಮಾತ್ರ ಗೊತ್ತಿರುವ ಮಾದರಿಗೆ ಇದು ಕಾಣೋದೇ ಇಲ್ಲ. ಹೊಂಡದ ಅಳತೆ ನಿರ್ಧರಿಸುವವರು ದಿನದ ಮಳೆಯ ದಾಖಲೆಯನ್ನೇ ಹಿಡಿಯಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಜಿಲ್ಲೆಯ ಸರಾಸರಿ ತೆಗೆದುಕೊಂಡು ಕುಂದಗೋಳದ ಹೊಲಕ್ಕೆ ಹೊಂಡ ತೋಡಬೇಡಿ.

ತಿಂಗಳ ಲೆಕ್ಕ: ರಿಗ್ರೆಷನ್, ಅರಿಮಾ, ಥಾಮಸ್-ಫೀರಿಂಗ್

ನೀರು ಹಂಚಿಕೆ, ಜಲಾಶಯ ಯೋಜನೆಗೆ ತಿಂಗಳ ಹರಿವು ಬೇಕು. ಇಲ್ಲಿ ನಿಜವಾದ ಅಂಕಿಅಂಶದ ಮಾದರಿಗಳು ಬರುತ್ತವೆ.

ರಿಗ್ರೆಷನ್ ಎಲ್ಲಕ್ಕಿಂತ ಸರಳ. ಈ ತಿಂಗಳ ಮಳೆ, ಹೋದ ತಿಂಗಳ ಮಳೆ ಕೊಟ್ಟು ಹರಿವು ಊಹಿಸೋದು. ವರದೆಯಂಥ ನದಿಗೆ ಇದು ಚೆನ್ನಾಗಿಯೇ ನಡೆಯುತ್ತದೆ. ಅರಿಮಾ ಮಾದರಿ ಮಳೆಯನ್ನೇ ಕೇಳೋದಿಲ್ಲ, ಹರಿವಿನ ಹಿಂದಿನ ನಡಿಗೆ ನೋಡಿ ಮುಂದಿನದು ಹೇಳುತ್ತದೆ. ಮುಂದಿನ ಒಂದೆರಡು ತಿಂಗಳಿಗೆ ಸರಿ, ಮುಂದಿನ ಮೂವತ್ತು ವರ್ಷಕ್ಕೆ ಖಂಡಿತ ಬೇಡ. 1962ರ ಥಾಮಸ್-ಫೀರಿಂಗ್ ಮಾದರಿಯ ಉದ್ದೇಶವೇ ಬೇರೆ. ಅದು ಭವಿಷ್ಯ ಹೇಳೋದಿಲ್ಲ. ಹಳೆಯ ದಾಖಲೆಯ ಸರಾಸರಿ, ಏರಿಳಿತ, ತಿಂಗಳಿಂದ ತಿಂಗಳ ನಂಟು ಉಳಿಸಿಕೊಂಡು, ‘ಹೀಗೂ ಬರಬಹುದಿತ್ತು’ ಅನ್ನುವ ನೂರಾರು ಹರಿವಿನ ಸರಣಿ ಕೊಡುತ್ತದೆ. ಜಲಾಶಯ ಎಷ್ಟು ಸಲ ಖಾಲಿಯಾಗುತ್ತದೆ ಅಂತ ಪರೀಕ್ಷಿಸೋಕೆ ಅದೇ ಬೇಕು.

ಆದರೆ ಬೆಣ್ಣಿಹಳ್ಳದಲ್ಲಿ ಈ ಮೂರೂ ಎಡವುತ್ತವೆ. ಕಾರಣ ಸೊನ್ನೆ. ಬೇಸಿಗೆಯ ತಿಂಗಳುಗಳಲ್ಲಿ ಹಳ್ಳ ಹರಿಯೋದೇ ಇಲ್ಲ. ಈ ಮಾದರಿಗಳಲ್ಲಿ ಸಾಮಾನ್ಯವಾಗಿ ಹರಿವಿನ ಲಾಗರಿದಮ್ (ಲಾಗ್) ತೆಗೆಯುತ್ತಾರೆ, ಸೊನ್ನೆಗೆ ಲಾಗ್ ಇಲ್ಲ. ಕೆಲವರು ಸೊನ್ನೆ ಜಾಗದಲ್ಲಿ ಒಂದು ಸಣ್ಣ ಸಂಖ್ಯೆ ಹಾಕಿ ಮುಂದೆ ಹೋಗುತ್ತಾರೆ. ಆ ಸಣ್ಣ ಸಂಖ್ಯೆ 0.1 ಇಟ್ಟರೆ ಒಂದು ಉತ್ತರ, 0.001 ಇಟ್ಟರೆ ಇನ್ನೊಂದು. ಅದಕ್ಕಿಂತ ಎರಡು ಹಂತದ ಮಾದರಿ ಒಳ್ಳೆಯದು. ಮೊದಲು ಹಳ್ಳ ಹರಿಯುತ್ತದೋ ಇಲ್ಲವೋ ಅನ್ನೋದಕ್ಕೆ ಲಾಜಿಸ್ಟಿಕ್ ರಿಗ್ರೆಷನ್. ಹರಿದರೆ ಎಷ್ಟು ಅನ್ನೋದಕ್ಕೆ, ಸೊನ್ನೆಗಿಂತ ದೊಡ್ಡ ಅಂಕಿಗಳಿಗೆ ಹೊಂದುವ ಗಾಮಾ ವಿತರಣೆ. ಕೆಲಸ ಸ್ವಲ್ಪ ಜಾಸ್ತಿ, ಆದರೆ ಹಳ್ಳದ ಸ್ವಭಾವಕ್ಕೆ ಒಪ್ಪುತ್ತದೆ.

ಇಲ್ಲೇ ಭರವಸೆಯ ಹರಿವಿನ ಮಾತೂ ಹೇಳಬೇಕು. ಶೇ. 75 ಭರವಸೆ ಅಂದರೆ ನೂರು ವರ್ಷದಲ್ಲಿ 75 ವರ್ಷ ಅಷ್ಟಾದರೂ ನೀರು ಬರುತ್ತದೆ ಅಂತ. 30 ವರ್ಷದ ದಾಖಲೆ ಇದ್ದರೆ ಹರಿವನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, 23 ಮತ್ತು 24ನೆಯ ಸ್ಥಾನದ ನಡುವೆ ಬೆರಳಿಡಿ, ಅದೇ ಉತ್ತರ. ಎಷ್ಟು ಸುಲಭ ಅಲ್ವಾ? ಆದರೆ ಅಳತೆಗೋಲು ಬದಲಾದರೆ ನದಿಯೇ ಬದಲಾದಂತೆ ಕಾಣುತ್ತದೆ. ಕೃಷ್ಣೆಯ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ಆಯೋಗ ಶೇ. 75 ಭರವಸೆಯಲ್ಲಿ 2060 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಅಂತ ಇಟ್ಟುಕೊಂಡಿತು. ಮುಂದೆ ಬ್ರಿಜೇಶ್ ಕುಮಾರ್ ಆಯೋಗ 1961-62ರಿಂದ 47 ವರ್ಷದ ದಾಖಲೆ ನೋಡಿ ಶೇ. 65 ಭರವಸೆಗೆ 2293, ಸರಾಸರಿಗೆ 2578 ಟಿಎಂಸಿ ಅಂತ ಹೇಳಿತು. ಯಾವ ವರ್ಷಗಳು, ಎಷ್ಟು ಭರವಸೆ ಅಂತ ಪಕ್ಕದಲ್ಲಿ ಬರೆಯದ ಟಿಎಂಸಿ ಅಂಕಿಯನ್ನು ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ.

ನಮ್ಮ ಭಾಗದಲ್ಲಿ ಇದು ಬರೀ ಪಾಠದ ವಿಷಯ ಅಲ್ಲ. 1980ರಲ್ಲಿ ನವಲಗುಂದ, ನರಗುಂದದ ರೈತರು ನೀರಿನ ಹೆಸರಲ್ಲಿ ಬೀದಿಗಿಳಿದು ಜೀವ ಕೊಟ್ಟಿದ್ದಾರೆ. 2018ರ ಮಹದಾಯಿ ತೀರ್ಪಿನಲ್ಲಿ ಕಳಸಾಕ್ಕೆ 1.72, ಬಂಡೂರಿಗೆ 2.18 ಟಿಎಂಸಿ ಅನ್ನೋದು ಇಲ್ಲಿ ಚಹಾದಂಗಡಿಯಲ್ಲಿ ಕೂತವರಿಗೂ ಬಾಯಿಪಾಠ. ಅಂಥ ಜನರ ಮುಂದೆ ಇಡುವ ಲೆಕ್ಕ ಅಷ್ಟೇ ಗಟ್ಟಿ ಇರಬೇಕು.

ಪ್ರವಾಹಕ್ಕೆ ತಿಂಗಳ ಮಾದರಿ ಬೇಡ

2009ರಲ್ಲೂ 2019ರಲ್ಲೂ ನೀರು ಊರೊಳಗೆ ಬಂದದ್ದು ದಿನಗಳ, ಗಂಟೆಗಳ ಲೆಕ್ಕದಲ್ಲಿ. ಸೇತುವೆ ಎತ್ತರ, ಒಡ್ಡಿನ ಎತ್ತರ ನಿರ್ಧರಿಸೋಕೆ ವರ್ಷವಾರು ಗರಿಷ್ಠ ಹರಿವು ತೆಗೆದು, ಎಷ್ಟು ದೊಡ್ಡ ಪ್ರವಾಹ ಎಷ್ಟು ವರ್ಷಕ್ಕೊಮ್ಮೆ ಬಂದೀತು ಅಂತ ಹೇಳುವ ಗಂಬೆಲ್ ಅಥವಾ ಲಾಗ್ ಪಿಯರ್ಸನ್ ವಿತರಣೆ ಹೊಂದಿಸುತ್ತಾರೆ. ಎರಡನ್ನೂ ಹಾಕಿ ನೋಡಿ. 25 ವರ್ಷಕ್ಕೊಮ್ಮೆ ಬರುವ ಪ್ರವಾಹದಲ್ಲಿ ಎರಡೂ ಹತ್ತಿರ ಇದ್ದು, 100 ವರ್ಷದ್ದರಲ್ಲಿ ದೂರ ಹೋದರೆ, ಆ ದೂರವನ್ನೇ ವರದಿಯಲ್ಲಿ ತೋರಿಸಿ. ‘ನೂರು ವರ್ಷಕ್ಕೊಮ್ಮೆ’ ಅನ್ನೋದನ್ನು ಜನರಿಗೆ ಹೇಳುವಾಗಲೂ ಜಾಗ್ರತೆ ಬೇಕು. 30 ವರ್ಷದಲ್ಲಿ ಒಮ್ಮೆಯಾದರೂ ಅಂಥ ಪ್ರವಾಹ ಬರುವ ಸಾಧ್ಯತೆ ಶೇ. 26. ಮನೆ ಕಟ್ಟುವವನಿಗೆ ಅದು ಸಣ್ಣದಲ್ಲ.

ಅಳತೆ ದಾಖಲೆ ಇಲ್ಲದ ಹಳ್ಳಕ್ಕೆ ಮಳೆಯ ತೀವ್ರತೆಯಿಂದಲೇ ಶುರು ಮಾಡಿ, ಒಂದೊಂದು ಮಳೆಗೆ ಹಳ್ಳ ಎಷ್ಟು ಏರುತ್ತದೆ ಅಂತ ಲೆಕ್ಕ ಹಾಕುವ ಎಚ್‌ಇಸಿ-ಎಚ್‌ಎಂಎಸ್ ಥರದ ಮಾದರಿ ಬಳಸಿ.

ಹವಾಮಾನ ಬದಲಾವಣೆಗೆ: ನಾಲ್ಕು ಅಂಕಿಯ ಮಾದರಿಯೋ, ಕಂಪ್ಯೂಟರ್ ಕಲಿಕೆಯೋ?

ಈಗ ಎಲ್ಲರ ಕಣ್ಣೂ ಎಲ್‌ಎಸ್‌ಟಿಎಂ ಮೇಲಿದೆ. 1997ರಲ್ಲಿ ಬಂದ, ದಾಖಲೆ ನೋಡಿ ಕಂಪ್ಯೂಟರ್ ತಾನೇ ಕಲಿಯುವ ಈ ನರಜಾಲದ ವಿಧಾನ ನೂರಾರು ನದಿಗಳ ದಾಖಲೆಯನ್ನು ಒಟ್ಟಿಗೆ ಕಲಿತರೆ ಅದ್ಭುತ ಕೆಲಸ ಮಾಡುತ್ತದೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಮರೋಳ ಒಂದೇ ಕೇಂದ್ರದ ದಾಖಲೆ ಕೊಟ್ಟು ಕಲಿಸಿದರೆ, ಅದು ಕಂಡ ಮಳೆಗಾಲಗಳನ್ನು ಬಾಯಿಪಾಠ ಮಾಡುತ್ತದೆ ಅಷ್ಟೇ. ಕಾಣದ ಬಿಸಿಲಿಗೆ ಏನು ಮಾಡುತ್ತದೆ ಅನ್ನೋದಕ್ಕೆ ಯಾವ ಗ್ಯಾರಂಟಿಯೂ ಇಲ್ಲ.

ಸ್ವಾಟ್ ಮಾದರಿ ಇದಕ್ಕೆ ತದ್ವಿರುದ್ಧ. ಮಣ್ಣು, ಬೆಳೆ, ಇಳಿಜಾರು ಎಲ್ಲ ಕೇಳುತ್ತದೆ. ಬೆಳೆ ಬದಲಾದರೆ, ಹೆಸರುಕಾಳಿನ ಜಾಗಕ್ಕೆ ಗೋವಿನಜೋಳ ಬಂದರೆ ಏನಾಗುತ್ತದೆ ಅನ್ನುವ ಪ್ರಶ್ನೆಗೆ ಅದೇ ಸರಿ. ಆದರೆ ಅದರಲ್ಲಿ ತಿರುಗಿಸಿ ಹೊಂದಿಸುವ ಗುಂಡಿಗಳು, ಅಂದರೆ ನಿಯತಾಂಕಗಳು, ಎಷ್ಟೋ. ತಪ್ಪು ಗುಂಡಿ ತಿರುಗಿಸಿಯೂ ಸರಿಯಾದ ಉತ್ತರ ತೆಗೆಯಬಹುದು, ಅದೇ ಅಪಾಯ.

ನಮ್ಮ ಮಟ್ಟದ ಯೋಜನೆಗೆ ನನ್ನ ಆಯ್ಕೆ ಜಿಆರ್4ಜೆ. ನಾಲ್ಕೇ ನಿಯತಾಂಕ, ದಿನದ ಲೆಕ್ಕ, ಮಳೆ ಮತ್ತು ಆವಿಯಾಗುವಿಕೆ ಕೊಟ್ಟರೆ ಸಾಕು. ಮುಖ್ಯವಾಗಿ ಬಿಸಿಲು ಏರಿದರೆ ಅದನ್ನು ಕೊಡೋಕೆ ಅದರಲ್ಲಿ ಒಂದು ಜಾಗ ಇದೆ. ಅರಿಮಾದಲ್ಲಿ ಆ ಜಾಗವೇ ಇಲ್ಲ. ಜೊತೆಗೆ ಮೇಲಿನ ಇಂಗ್ಲಿಸ್-ಡಿಸೋಜಾ ಲೆಕ್ಕವನ್ನೂ ಇಟ್ಟುಕೊಳ್ಳಿ. ಎರಡರ ಉತ್ತರ ತೀರಾ ದೂರ ಇದ್ದರೆ ಕಾರಣ ಹುಡುಕಿ.

ಭವಿಷ್ಯದ ಮಳೆಗೆ ಜಾಗತಿಕ ಹವಾಮಾನ ಮಾದರಿಗಳ ಅಂಕಿ ತರುತ್ತೀರಿ. ಅವುಗಳ ಒಂದು ಚೌಕ ಸಾಮಾನ್ಯವಾಗಿ ನೂರು ಕಿ.ಮೀ. ಆಸುಪಾಸು ಇರುತ್ತದೆ. ಕಣಕುಂಬಿಯೂ ಧಾರವಾಡವೂ ಒಂದೇ ಚೌಕದಲ್ಲಿ ಕೂರಬಹುದು. ಸ್ಥಳೀಯ ಮಳೆಗೆ ಹೊಂದಿಸದೆ, ಒಂದೇ ಮಾದರಿಯ ಅಂಕಿ ಹಿಡಿದು ಹರಿವು ಲೆಕ್ಕ ಹಾಕಿದರೆ ಘಟ್ಟದ ನೀರೆಲ್ಲ ಕಾಗದದಲ್ಲೇ ಆರಿಹೋಗುತ್ತದೆ. ಹಲವು ಮಾದರಿ ತೆಗೆದುಕೊಳ್ಳಿ, ಉತ್ತರಗಳು ಎಲ್ಲಿಂದ ಎಲ್ಲಿಗೆ ಹರಡಿವೆ ಅಂತ ತೋರಿಸಿ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. 2014ರಿಂದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಲಹೊಲದಲ್ಲಿ ಹೊಂಡ ಬಂದವು. ರೈತನಿಗೆ ಅದು ದೊಡ್ಡ ಆಸರೆ. ಆದರೆ ಮೇಲಿನ ಹೊಂಡ ಹಿಡಿದ ನೀರು ಕೆಳಗಿನ ಹಳ್ಳಕ್ಕೆ ಬರೋದಿಲ್ಲ. ಹರಿವಿನ ದಾಖಲೆಯಲ್ಲಿ ಇಳಿಕೆ ಕಂಡ ತಕ್ಷಣ ಹವಾಮಾನದ ಹೆಸರು ಹೇಳುವ ಮುಂಚೆ, ಒಟ್ಟು ಮಳೆ ಮತ್ತು ಒಟ್ಟು ಹರಿವನ್ನು ಕೂಡುತ್ತಾ ಒಂದು ರೇಖೆ ಎಳೆಯಿರಿ. ಯಾವ ವರ್ಷದಿಂದ ರೇಖೆ ಬಾಗಿದೆ ನೋಡಿ. ಮಳೆ ಅಷ್ಟೇ ಇದ್ದು ರೇಖೆ ಬಾಗಿದ್ದರೆ ಕಾರಣ ಹೊಂಡ, ಬೋರ್‌ವೆಲ್, ಬೆಳೆ ಇವುಗಳಲ್ಲಿದೆ.

ಮಾದರಿಯನ್ನು ಬರದ ವರ್ಷದಲ್ಲಿ ಪರೀಕ್ಷಿಸಿ

ಮಾದರಿಯ ಹರಿವು ಅಳೆದ ಹರಿವಿಗೆ ಎಷ್ಟು ಹತ್ತಿರ ಅಂತ ಹೇಳೋಕೆ ಎಲ್ಲರೂ ಕೊಡುವ ಅಂಕ ನ್ಯಾಶ್-ಸಟ್‌ಕ್ಲಿಫ್. 1 ಬಂದರೆ ಪೂರ್ತಿ ಸರಿ, 0 ಬಂದರೆ ಸರಾಸರಿಗಿಂತ ಏನೂ ಉತ್ತಮ ಅಲ್ಲ. ತಿಂಗಳ ಲೆಕ್ಕದಲ್ಲಿ 0.8 ಬಂತು ಅಂತ ಖುಷಿಪಡುವವರಿದ್ದಾರೆ. ಮಳೆಗಾಲದಲ್ಲಿ ನೀರು, ಬೇಸಿಗೆಯಲ್ಲಿ ಇಲ್ಲ ಅಂತ ಹೇಳುವ ಯಾವ ಮಾದರಿಗೂ ನಮ್ಮ ನದಿಗಳಲ್ಲಿ ಒಳ್ಳೆ ಅಂಕ ಬರುತ್ತದೆ. ಆಯಾ ತಿಂಗಳ ಸರಾಸರಿಯನ್ನೇ ಎದುರಾಳಿಯಾಗಿ ಇಟ್ಟು ನೋಡಿ, ನಿಮ್ಮ ಮಾದರಿ ಅದನ್ನು ಎಷ್ಟು ಮೀರಿಸಿತು ಅಂತ.

ನಾನು ನಂಬುವ ಪರೀಕ್ಷೆ ಒಂದೇ. ಒಳ್ಳೆ ಮಳೆಯ ವರ್ಷಗಳಲ್ಲಿ ಮಾದರಿಗೆ ಕಲಿಸಿ, 2001ರಿಂದ 2003ರ ಬರ, 2015-16, 2023 ಇವನ್ನು ಬಚ್ಚಿಟ್ಟು ಆ ವರ್ಷಗಳ ಹರಿವು ಕೇಳಿ. ಜಲವಿಜ್ಞಾನಿ ಕ್ಲೆಮೆಶ್ 1986ರಲ್ಲೇ ಇದನ್ನು ಸೂಚಿಸಿದ್ದರು. ಬಹಳಷ್ಟು ಮಾದರಿಗಳು ಬರದಲ್ಲಿ ಇಲ್ಲದ ನೀರು ತೋರಿಸುತ್ತವೆ. ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಬರೋದು ಮಲಪ್ರಭೆಯ ರೇಣುಕಾಸಾಗರ ಮತ್ತು ನೀರಸಾಗರದಿಂದ. ಇಂಥ ಊರಿಗೆ ಒಂದು ಬರದ ವರ್ಷ ದಾಟೋದು ಕಷ್ಟ ಅಲ್ಲ. ಬೆನ್ನಿಗೇ ಎರಡನೆಯದು, ಮೂರನೆಯದು ಬಂದಾಗ ಏನಾಗುತ್ತದೆ ಅನ್ನೋದೇ ಪ್ರಶ್ನೆ. ಥಾಮಸ್-ಫೀರಿಂಗ್ ಈ ಬೆನ್ನುಬೆನ್ನಿನ ಬರವನ್ನು ಕಡಿಮೆ ತೋರಿಸುತ್ತದೆ, ಯಾಕೆಂದರೆ ಅದಕ್ಕೆ ಹಿಂದಿನ ಒಂದು ತಿಂಗಳ ನೆನಪು ಮಾತ್ರ. ಅದಕ್ಕೇ ಕೃತಕ ಸರಣಿಯ ಜೊತೆ 2001-03ರ ಮೂರು ವರ್ಷವನ್ನು ಇದ್ದ ಹಾಗೇ ಎತ್ತಿ, ಇವತ್ತಿನ ನೀರಿನ ಬೇಡಿಕೆಯ ಮೇಲೆ ಓಡಿಸಿ ನೋಡಿ.

ಈ ವಾರವೇ ಶುರು ಮಾಡೋದಾದರೆ ಕೇಂದ್ರ ಸರ್ಕಾರದ ಜಲಸಂಪನ್ಮೂಲ ಮಾಹಿತಿಯ ಇಂಡಿಯಾ-ವಾರಿಸ್ (India-WRIS) ಜಾಲತಾಣದಿಂದ ಮರೋಳದ ದಿನದ ಹರಿವು, ಹವಾಮಾನ ಇಲಾಖೆಯ ಕಾಲು ಡಿಗ್ರಿ ಚೌಕದ ದಿನದ ಮಳೆ ತೆಗೆದುಕೊಳ್ಳಿ. ವರ್ಷವನ್ನು ಜೂನ್‌ನಿಂದ ಮೇವರೆಗೆ ಎಣಿಸಿ, ಜನವರಿಯಿಂದ ಅಲ್ಲ. ಮೊದಲು ಹಳೆಯ ಸೂತ್ರ, ಆಮೇಲೆ ತಿಂಗಳ ರಿಗ್ರೆಷನ್, ಆಮೇಲೆ ಜಿಆರ್4ಜೆ. ಮೂರನ್ನೂ ಒಂದೇ ಬರದ ವರ್ಷದ ಮೇಲೆ ಇಟ್ಟು, ಯಾವುದು ಎಷ್ಟು ಜಾಸ್ತಿ ನೀರು ತೋರಿಸಿತು ಅಂತ ಪಕ್ಕಪಕ್ಕ ಬರೆಯಿರಿ. ಎಲ್‌ಎಸ್‌ಟಿಎಂ ಬೇಕೋ ಬೇಡವೋ ಅಂತ ಆ ಕೋಷ್ಟಕ ನೋಡಿ ನಿರ್ಧರಿಸಬಹುದು.